ನೀಲಿ ಬಣ್ಣದ ಲೆಕ್ಕ: ಫ್ಲಾರೆನ್ಸ್ ನೈಟಿಂಗೇಲ್ ಜೀವನ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ



ಫ್ಲಾರೆನ್ಸ್ ನೈಟಿಂಗೇಲ್ ಎಂಬ ಹೆಸರು ನಮಗೆಲ್ಲರಿಗೂ ಪ್ರಾಥಮಿಕ ಶಾಲೆಯಿಂದಲೇ ಗೊತ್ತು. ಕೈಯಲ್ಲಿ ದೀಪ ಹಿಡಿದು, ರಾತ್ರಿ ಹೊತ್ತು ಗಾಯಾಳು ಸೈನಿಕರ ಹಾಸಿಗೆಗಳ ನಡುವೆ ಓಡಾಡಿದ ದಾದಿ ಎಂದು ಓದಿದ್ದೇವೆ. ನಾನೂ ಅಷ್ಟೇ ತಿಳಿದಿದ್ದೆ. ಈ ವರ್ಷ ಸಂಖ್ಯಾಶಾಸ್ತ್ರದ ಪ್ರಾಜೆಕ್ಟ್‌ಗಾಗಿ ಓದಲು ಕೂತಾಗ ಅವರು ದೊಡ್ಡ ಲೆಕ್ಕಗಾರ್ತಿಯೂ ಆಗಿದ್ದರು ಎಂದು ತಿಳಿಯಿತು. ಸತ್ತವರ ಲೆಕ್ಕವನ್ನು ಬಣ್ಣಗಳಲ್ಲಿ ಬರೆದು, ಸರ್ಕಾರದ ಕಣ್ಣು ತೆರೆಸಿದವರು ಅವರು. ಆ ಬಣ್ಣಗಳನ್ನು ನಾನು ಮತ್ತು ನನ್ನ ನಾನಿ ಸೇರಿ ಬಟ್ಟೆಯಲ್ಲಿ ಹೊಲಿದೆವು. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಅವರ ಜೀವನ ನೋಡೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಫ್ಲಾರೆನ್ಸ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಆ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಅವರ ಅಕ್ಕ ನೇಪಲ್ಸ್‌ನಲ್ಲಿ ಹುಟ್ಟಿದ್ದರಿಂದ ಆ ಊರಿನ ಹಳೆಯ ಗ್ರೀಕ್ ಹೆಸರಾದ ಪಾರ್ಥೆನೋಪ್ ಎಂದು ಅವರಿಗೆ ಹೆಸರಿಟ್ಟಿದ್ದರು. ಇಂಗ್ಲೆಂಡಿನ ಶ್ರೀಮಂತ ಕುಟುಂಬ ಅದು. ಎರಡು ದೊಡ್ಡ ಮನೆಗಳು, ಆಳುಕಾಳುಗಳು ಎಲ್ಲಾ ಇದ್ದವು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆದಿರಲಿಲ್ಲ. ಆದರೆ ಅವರ ತಂದೆ ವಿಲಿಯಂ ನೈಟಿಂಗೇಲ್ ಇಬ್ಬರು ಹೆಣ್ಣುಮಕ್ಕಳಿಗೂ ಮನೆಯಲ್ಲೇ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ವಶಾಸ್ತ್ರ ಕಲಿಸಿದರು.

ಫ್ಲಾರೆನ್ಸ್‌ಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಗಣಿತ. ಮನೆಯವರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಮದುವೆಯಾಗಿ ಹೋಗುವ ಹುಡುಗಿಗೆ ಗಣಿತ ಯಾಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಬಹಳ ಕೇಳಿಕೊಂಡ ಮೇಲೆ ಪಾಠ ಹೇಳಿಸಿಕೊಳ್ಳಲು ಒಪ್ಪಿಗೆ ಸಿಕ್ಕಿತು. ಇಂದು ನಮ್ಮ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಆಯ್ಕೆ ಮಾಡಿಕೊಳ್ಳಲು ಒಂದು ಅರ್ಜಿ ತುಂಬಿದರೆ ಸಾಕು. ಅವರು ಅದಕ್ಕಾಗಿ ಹಟ ಹಿಡಿಯಬೇಕಾಯಿತು.

1837ರಲ್ಲಿ, ಹದಿನೇಳು ತುಂಬುವ ಮೊದಲೇ, ತನ್ನ ಜೀವನವನ್ನು ಸೇವೆಗೆ ಕೊಡಬೇಕೆಂದು ದೇವರೇ ಕರೆದಿದ್ದಾನೆ ಎಂದು ಅವರಿಗೆ ಅನ್ನಿಸಿತು. ರೋಗಿಗಳ ಶುಶ್ರೂಷೆ ಮಾಡುತ್ತೇನೆಂದು ಹೇಳಿದಾಗ ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಆ ಕಾಲದಲ್ಲಿ ದಾದಿಯ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. ಒಳ್ಳೆಯ ಮನೆತನದ ಹುಡುಗಿಯರು ಅಂಥ ಕೆಲಸಕ್ಕೆ ಹೋಗುವುದಿಲ್ಲ ಎಂದು ತಾಯಿ ಮತ್ತು ಅಕ್ಕ ತಡೆದರು. ನಮ್ಮಲ್ಲೂ ಕೆಲವು ಮನೆಗಳಲ್ಲಿ ನರ್ಸಿಂಗ್ ಸೇರುತ್ತೇನೆಂದರೆ ಇಂದಿಗೂ ಹಿರಿಯರು ಹಿಂದೆಮುಂದೆ ನೋಡುತ್ತಾರೆ. ನೈಟಿಂಗೇಲ್ ಅವರು ಸುಮಾರು ಹದಿನಾಲ್ಕು ವರ್ಷ ಕಾದರು. ಬಂದ ಮದುವೆಯ ಸಂಬಂಧವನ್ನು ಬೇಡವೆಂದರು. ಬೆಳಗಿನ ಜಾವ ಎದ್ದು, ಮನೆಯವರು ಏಳುವ ಮೊದಲು, ಆಸ್ಪತ್ರೆಗಳ ವರದಿಗಳನ್ನು ತರಿಸಿಕೊಂಡು ಓದಿ ಅಂಕಿಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದರು.

ಇಸ್ತಾಂಬುಲ್‌ನ ಆಸ್ಪತ್ರೆ

ಆಗ ಕ್ರೈಮಿಯಾ ಯುದ್ಧ ಶುರುವಾಯಿತು. ಒಂದು ಕಡೆ ರಷ್ಯಾ, ಇನ್ನೊಂದು ಕಡೆ ಉಸ್ಮಾನಿ ತುರ್ಕರು, ಅವರ ಜೊತೆ ಬ್ರಿಟನ್ ಮತ್ತು ಫ್ರಾನ್ಸ್. ಬ್ರಿಟಿಷ್ ಗಾಯಾಳುಗಳನ್ನು ಹಡಗಿನಲ್ಲಿ ಕಪ್ಪು ಸಮುದ್ರ ದಾಟಿಸಿ ಸ್ಕುಟರಿಗೆ ತರುತ್ತಿದ್ದರು. ಸ್ಕುಟರಿ ಎಂದರೆ ಇಂದಿನ ಇಸ್ತಾಂಬುಲ್‌ನ ಉಸ್ಕುದಾರ್. ತುರ್ಕಿ ಧಾರಾವಾಹಿ ನೋಡುವವರಿಗೆ ಈ ಹೆಸರು ಪರಿಚಯವಿರಬಹುದು. ಸುಲ್ತಾನ್ ಸಲೀಮ್ ಅವರ ಹೆಸರಿನ ಸಲೀಮಿಯೆ ಎಂಬ ದೊಡ್ಡ ಸೈನಿಕ ವಸತಿ ಅಲ್ಲಿದೆ. ಅದನ್ನೇ ತುರ್ಕರು ಬ್ರಿಟಿಷರಿಗೆ ಆಸ್ಪತ್ರೆ ಮಾಡಿಕೊಳ್ಳಲು ಬಿಟ್ಟುಕೊಟ್ಟಿದ್ದರು.

ಅಲ್ಲಿನ ದುಃಸ್ಥಿತಿ ಪತ್ರಿಕೆಗಳಲ್ಲಿ ಬಂದಾಗ ಇಂಗ್ಲೆಂಡಿನ ಜನ ಕೋಪಗೊಂಡರು. ಮಂತ್ರಿ ಸಿಡ್ನಿ ಹರ್ಬರ್ಟ್ ಅವರು ನೈಟಿಂಗೇಲ್ ಅವರನ್ನು ಕಳಿಸಿದರು. 38 ಮಹಿಳೆಯರ ತಂಡದೊಂದಿಗೆ ಅವರು 1854ರ ನವೆಂಬರ್ 4ರಂದು ಸ್ಕುಟರಿ ತಲುಪಿದರು. ಕಟ್ಟಡದ ಕೆಳಗೆ ಕಟ್ಟಿಕೊಂಡ ಚರಂಡಿ. ನೆಲದ ಮೇಲೆ ಸಾಲುಸಾಲಾಗಿ ರೋಗಿಗಳು. ಹೇನು, ಇಲಿ, ದುರ್ನಾತ. ಹಾಸಿಗೆ, ಬಟ್ಟೆ, ಸೋಪು ಯಾವುದೂ ಸಾಲದು. ಅವರು ಮೊದಲು ನೆಲ ತೊಳೆಸಿದರು, ಬಟ್ಟೆ ಒಗೆಯುವ ವ್ಯವಸ್ಥೆ ಮಾಡಿಸಿದರು, ರೋಗಿಗಳಿಗೆ ತಕ್ಕ ಅಡುಗೆ ಮಾಡಿಸಿದರು. ರಾತ್ರಿ ದೀಪ ಹಿಡಿದು ಸುತ್ತಿದ್ದು ಇಲ್ಲಿಯೇ.

ಆದರೂ ಆ ಚಳಿಗಾಲದಲ್ಲಿ ಸಾವು ನಿಲ್ಲಲಿಲ್ಲ, ಹೆಚ್ಚಾಯಿತು. 1855ರ ಮಾರ್ಚ್‌ನಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಬಂದು ಚರಂಡಿಗಳನ್ನು ತೊಳೆಸಿತು, ಸತ್ತ ಪ್ರಾಣಿಗಳ ಕಳೇಬರ ತೆಗೆಸಿತು, ಗೋಡೆಗಳಿಗೆ ಸುಣ್ಣ ಹೊಡೆಸಿತು, ಗಾಳಿ ಬರಲು ದಾರಿ ಮಾಡಿತು. ಆಮೇಲೆ ಸಾವಿನ ಸಂಖ್ಯೆ ಇಳಿಯುತ್ತಾ ಹೋಯಿತು.

ವಾಣಿಜ್ಯ ವಿದ್ಯಾರ್ಥಿಯಾಗಿ ನನ್ನ ಗಮನ ಸೆಳೆದ ವಿಷಯ ಇನ್ನೊಂದು ಇದೆ. ಆ ಆಸ್ಪತ್ರೆಯಲ್ಲಿ ಸತ್ತವರ ಲೆಕ್ಕವನ್ನು ಮೂರು ಬೇರೆ ಬೇರೆ ಪುಸ್ತಕಗಳಲ್ಲಿ ಬರೆಯುತ್ತಿದ್ದರು. ಒಂದರ ಮೊತ್ತ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ನಮ್ಮ ಲೆಕ್ಕಶಾಸ್ತ್ರದಲ್ಲಿ ತಾಳೆಪಟ್ಟಿ ಕೂಡದಿದ್ದರೆ ಎಲ್ಲೋ ತಪ್ಪಿದೆ ಎಂದು ಹುಡುಕುತ್ತೇವೆ. ನನ್ನ ಅಬ್ಬಾ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅಂದಿನ ಮೂಟೆಯ ತೂಕ ಅಂದೇ ಬರೆಯದಿದ್ದರೆ ರೈತನಿಗೆ ಮೋಸವಾಗುತ್ತದೆ ಎಂದು ಅವರು ಯಾವಾಗಲೂ ಹೇಳುತ್ತಾರೆ. ಅಲ್ಲಿ ಮೂಟೆಯ ಲೆಕ್ಕ, ಇಲ್ಲಿ ಮನುಷ್ಯರ ಲೆಕ್ಕ. ಯಾರಾದರೊಬ್ಬರು ಅದನ್ನು ಸರಿಯಾಗಿ ಬರೆಯಲೇಬೇಕಿತ್ತು. ನೈಟಿಂಗೇಲ್ ಅವರು ಆ ಕೆಲಸಕ್ಕೂ ಕೈಹಾಕಿದರು.

ಅಂಕಿಗಳಿಂದ ತಿಳಿದ ಸತ್ಯ

1856ರ ಆಗಸ್ಟ್‌ನಲ್ಲಿ ಅವರು ಇಂಗ್ಲೆಂಡಿಗೆ ಮರಳಿದರು. ಆಗ ಇಡೀ ದೇಶಕ್ಕೆ ಅವರ ಹೆಸರು ಗೊತ್ತಿತ್ತು. ಆದರೆ ಅವರು ಮೆರವಣಿಗೆ, ಸನ್ಮಾನ ಎಲ್ಲವನ್ನೂ ತಪ್ಪಿಸಿಕೊಂಡರು. ವಿಲಿಯಂ ಫಾರ್ ಎಂಬ ಸರ್ಕಾರಿ ಸಂಖ್ಯಾಶಾಸ್ತ್ರಜ್ಞರ ಜೊತೆ ಕೂತು ಯುದ್ಧದ ಸಾವುಗಳ ಲೆಕ್ಕವನ್ನು ತಿಂಗಳು ತಿಂಗಳಾಗಿ ಜೋಡಿಸಿದರು.

1855ರ ಜನವರಿ ತಿಂಗಳೊಂದನ್ನೇ ನೋಡಿ. ಸೈನ್ಯದಲ್ಲಿ ಇದ್ದವರು ಸುಮಾರು 32,000. ಗಾಯದಿಂದ ಸತ್ತವರು 83. ಬೇರೆ ಕಾರಣಗಳಿಂದ ಸತ್ತವರು 324. ಕಾಲರಾ, ಭೇದಿ, ವಿಷಮ ಜ್ವರದಂಥ ತಡೆಯಬಹುದಾದ ರೋಗಗಳಿಂದ ಸತ್ತವರು 2,761. ಒಟ್ಟು 3,168. ಅಂದರೆ ಸತ್ತ 100 ಜನರಲ್ಲಿ ಸುಮಾರು 87 ಮಂದಿ ಶತ್ರುವಿನ ಗುಂಡಿಗೆ ಬಲಿಯಾದವರಲ್ಲ, ಕೊಳಕು ನೀರು, ಕೊಳಕು ಚರಂಡಿ, ಇಕ್ಕಟ್ಟಾದ ಕೋಣೆಗಳಿಗೆ ಬಲಿಯಾದವರು. ಅದೇ ವೇಗದಲ್ಲಿ ಸಾವು ಮುಂದುವರಿದಿದ್ದರೆ ಇಡೀ ಸೈನ್ಯ ಸುಮಾರು ಹತ್ತು ತಿಂಗಳಲ್ಲಿ ಮುಗಿದೇಹೋಗುತ್ತಿತ್ತು.

ಒಂದು ವರ್ಷದ ನಂತರ, 1856ರ ಜನವರಿಯಲ್ಲಿ, ಸೈನ್ಯ ಇನ್ನೂ ದೊಡ್ಡದಾಗಿತ್ತು. ಆದರೆ ತಡೆಯಬಹುದಾದ ರೋಗಗಳಿಂದ ಸತ್ತವರು 42 ಮಾತ್ರ. ಗಾಯದಿಂದ 2, ಬೇರೆ ಕಾರಣಗಳಿಂದ 48.

ಈ ಅಂಕಿಗಳನ್ನು ಜೋಡಿಸಿದಾಗಲೇ ನೈಟಿಂಗೇಲ್ ಅವರಿಗೆ ಪೂರ್ತಿ ಅರ್ಥವಾಯಿತು. ತಾನು ಹಗಲು ರಾತ್ರಿ ಸೇವೆ ಮಾಡಿದ ಆಸ್ಪತ್ರೆಯೇ ಸಾವಿರಾರು ಜನರ ಸಾವಿಗೆ ಕಾರಣವಾಗಿತ್ತು. ಪ್ರೀತಿ, ದೀಪ, ಔಷಧ ಇದ್ದರೂ ಚರಂಡಿ ಸರಿ ಇರಲಿಲ್ಲ. ಇದನ್ನು ತಿಳಿದಾಗ ಅವರಿಗೆ ಎಷ್ಟು ನೋವಾಗಿರಬಹುದು ಎಂದು ನಾನು ಬಹಳ ಹೊತ್ತು ಯೋಚಿಸಿದೆ. ಅವರು ಆ ಸತ್ಯವನ್ನು ಮುಚ್ಚಿಡಬಹುದಿತ್ತು. ಜನ ಅವರನ್ನು ಹೊಗಳುತ್ತಲೇ ಇದ್ದರು. ಅವರು ಮುಚ್ಚಿಡಲಿಲ್ಲ, ಎಲ್ಲರಿಗೂ ಕಾಣುವಂತೆ ಬಣ್ಣ ಹಚ್ಚಿ ತೋರಿಸಿದರು.

ಬಣ್ಣದ ನಕ್ಷೆ

ದೊಡ್ಡ ವರದಿಯ ಪಟ್ಟಿಗಳನ್ನು ಮಂತ್ರಿಗಳು, ಸೇನಾಧಿಕಾರಿಗಳು ಓದುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅಂಕಿಗಳನ್ನು ಚಿತ್ರವಾಗಿ ಬರೆಯುವುದನ್ನು ಅವರೇ ಕಂಡುಹಿಡಿದದ್ದಲ್ಲ. ನಾವು ಪಾಠದಲ್ಲಿ ಬರೆಯುವ ರೇಖಾನಕ್ಷೆ, ಸ್ತಂಭನಕ್ಷೆಗಳನ್ನು ವಿಲಿಯಂ ಪ್ಲೇಫೇರ್ ಎಂಬವರು 1786ರಲ್ಲೇ ಆಮದು ರಫ್ತು ವ್ಯಾಪಾರ ತೋರಿಸಲು ಬಳಸಿದ್ದರು. ನೈಟಿಂಗೇಲ್ ಅವರು ಅದನ್ನು ಜೀವ ಉಳಿಸಲು ಬಳಸಿದರು.

1858ರಲ್ಲಿ ಅಚ್ಚಾದ ಅವರ ಪ್ರಸಿದ್ಧ ನಕ್ಷೆಯಲ್ಲಿ ಒಂದು ವರ್ಷಕ್ಕೆ ಹನ್ನೆರಡು ಹೋಳುಗಳು, ತಿಂಗಳಿಗೆ ಒಂದು. ನೋಡಲು ಅರಳಿದ ಹೂವಿನಂತಿದೆ. ಅದಕ್ಕೇ ಅದನ್ನು ಗುಲಾಬಿ ನಕ್ಷೆ ಎಂದೂ ಕರೆಯುತ್ತಾರೆ. ತಡೆಯಬಹುದಾದ ರೋಗದ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು, ಉಳಿದ ಸಾವಿಗೆ ಕಪ್ಪು. ಬಲಗಡೆಯ ಹೂವು 1854ರ ಏಪ್ರಿಲ್‌ನಿಂದ 1855ರ ಮಾರ್ಚ್‌ವರೆಗೆ. ಅದರಲ್ಲಿ ನೀಲಿ ಹೋಳುಗಳು ಹೊರಗೆ ಚಾಚಿಕೊಂಡಿವೆ. ಎಡಗಡೆಯದು ಮುಂದಿನ ವರ್ಷದ್ದು. ಅದರಲ್ಲಿ ನೀಲಿ ಸಣ್ಣದಾಗುತ್ತಾ ಬಂದು ಕೊನೆಗೆ ಇಲ್ಲವೇ ಇಲ್ಲ ಎಂಬಷ್ಟಾಗುತ್ತದೆ. ಯುದ್ಧ ಎಂದರೆ ಕೆಂಪು ರಕ್ತ ಎಂದು ಎಲ್ಲರೂ ತಿಳಿದಿದ್ದರು. ಆ ನಕ್ಷೆಯಲ್ಲಿ ಕೆಂಪು ಸ್ವಲ್ಪವೇ ಇತ್ತು.

ಇಲ್ಲಿ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವಿಷಯವಿದೆ. ಮೊದಲು ಮಾಡಿದ ಒಂದು ನಕ್ಷೆಯಲ್ಲಿ ಸಾವಿನ ಸಂಖ್ಯೆಗೆ ತಕ್ಕಂತೆ ಗೆರೆಯ ಉದ್ದವನ್ನು ಇಟ್ಟಿದ್ದರು. ಉದ್ದ ಎರಡರಷ್ಟಾದರೆ ಬಣ್ಣ ತುಂಬಿದ ಜಾಗ ನಾಲ್ಕರಷ್ಟಾಗುತ್ತದೆ. ಆಗ ನೋಡುವವರಿಗೆ ನಿಜಕ್ಕಿಂತ ಹೆಚ್ಚು ಕಾಣುತ್ತದೆ. ತಮ್ಮ ವಾದಕ್ಕೆ ಅದು ಅನುಕೂಲವೇ ಆಗಿದ್ದರೂ ಅವರು ಅದನ್ನು ತಪ್ಪೆಂದು ಒಪ್ಪಿಕೊಂಡು, ಜಾಗದ ವಿಸ್ತೀರ್ಣವೇ ಸಂಖ್ಯೆಗೆ ಸರಿಯಾಗುವಂತೆ ಬದಲಿಸಿದರು.

ಅವರು ಇನ್ನೊಂದು ಲೆಕ್ಕವನ್ನೂ ತೋರಿಸಿದರು. ಯುದ್ಧವಿಲ್ಲದ ಕಾಲದಲ್ಲಿ, ಇಂಗ್ಲೆಂಡಿನಲ್ಲೇ, ಬ್ಯಾರಕ್‌ಗಳಲ್ಲಿರುವ ಯುವ ಸೈನಿಕರು ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ಸುಮಾರು ಎರಡರಷ್ಟು ಸಾಯುತ್ತಿದ್ದರು. ಗಟ್ಟಿಮುಟ್ಟಾದವರನ್ನು ಆರಿಸಿ ಸೇರಿಸಿಕೊಂಡ ಸೈನ್ಯದಲ್ಲಿ ಹೀಗಾಗಿತ್ತು. ಇದಾದ ಮೇಲೆ ಬ್ಯಾರಕ್‌ಗಳ ನೀರು, ಗಾಳಿ, ಚರಂಡಿ ಸುಧಾರಿಸಿದವು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ಸದಸ್ಯರನ್ನಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಶುರುವಾಯಿತು. ಅದೇ ವರ್ಷ, ಎಲ್ಲಾ ಆಸ್ಪತ್ರೆಗಳೂ ಒಂದೇ ಮಾದರಿಯ ಪಟ್ಟಿಯಲ್ಲಿ ಲೆಕ್ಕ ಇಡಬೇಕೆಂಬ ಅವರ ಯೋಜನೆ ಲಂಡನ್ನಿನ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಬಂತು.

ನಮ್ಮ ದೇಶದ ಲೆಕ್ಕ

ಯುದ್ಧದಿಂದ ಬಂದ ಕಾಯಿಲೆಯಿಂದ ಅವರು ಬಹಳ ವರ್ಷ ಹಾಸಿಗೆಯಲ್ಲೇ ಇದ್ದರು. ಮಲಗಿಕೊಂಡೇ ಬರೆದರು. ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೆ ಇಲ್ಲಿನ ಸೈನಿಕ ನೆಲೆಗಳಿಗೆಲ್ಲ ಪ್ರಶ್ನಾವಳಿ ಕಳಿಸಿ, ನೀರು ಎಲ್ಲಿಂದ ಬರುತ್ತದೆ, ಕೊಳಕು ಎಲ್ಲಿಗೆ ಹೋಗುತ್ತದೆ, ಎಷ್ಟು ಜನ ಸಾಯುತ್ತಾರೆ ಎಂದು ಕೇಳಿ ತಿಳಿದರು. 1863ರಲ್ಲಿ ಆ ವರದಿ ಬಂತು. ಆಗ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಹತ್ತು ವರ್ಷಗಳಲ್ಲಿ ಅದು 18ಕ್ಕೆ ಇಳಿಯಿತು.

ಆಮೇಲೆ ಅವರ ಗಮನ ಸೈನಿಕರಿಂದ ಹಳ್ಳಿಯ ಜನರ ಕಡೆಗೆ ತಿರುಗಿತು. 1876ರಿಂದ 1878ರವರೆಗೆ ದಕ್ಷಿಣ ಭಾರತದಲ್ಲಿ ಭೀಕರ ಬರ ಬಂತು. ನಮ್ಮ ಕಡೆ ಅದನ್ನು ಧಾತು ಈಶ್ವರ ಬರ ಎನ್ನುತ್ತಾರೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷಕ್ಕೂ ಹೆಚ್ಚಿತ್ತು. 1881ರ ಜನಗಣತಿಯಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಮ್ಮ ತುಮಕೂರು ಜಿಲ್ಲೆಯೂ ಆ ಸಂಸ್ಥಾನದಲ್ಲೇ ಇತ್ತು. 1878ರಲ್ಲಿ ನೈಟಿಂಗೇಲ್ ಅವರು ಭಾರತದ ರೈತರ ಕಷ್ಟ, ಸಾಲ ಮತ್ತು ನೀರಾವರಿಯ ಬಗ್ಗೆ ಇಂಗ್ಲೆಂಡಿನ ಪತ್ರಿಕೆಯಲ್ಲಿ ಬರೆದು ಅಲ್ಲಿನ ಜನರನ್ನು ಎಚ್ಚರಿಸಿದರು.

1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಹಿಂದೆ ರಾಜಮಹಾರಾಜರನ್ನು ಹೂಳುತ್ತಿದ್ದ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಜಾಗ ಕೊಡಲು ಸಿದ್ಧರಿದ್ದರೂ ಮನೆಯವರು ಬೇಡವೆಂದು ಊರಿನ ಚಿಕ್ಕ ಚರ್ಚಿನ ಅಂಗಳದಲ್ಲೇ ಹೂಳಿದರು. ಅವರ ಹುಟ್ಟಿದ ದಿನವಾದ ಮೇ 12ನ್ನು ಇಂದು ಜಗತ್ತಿನಾದ್ಯಂತ ದಾದಿಯರ ದಿನವಾಗಿ ಆಚರಿಸುತ್ತಾರೆ.

ನಾನಿಯ ಕೌದಿ

ಈಗ ನಮ್ಮ ಹೊಲಿಗೆಯ ವಿಷಯ. ಹಳೆ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿಯುವ ಕೌದಿಯನ್ನು ನಮ್ಮ ಮನೆಯಲ್ಲಿ ಗುದಡಿ ಅನ್ನುತ್ತೇವೆ. ನನ್ನ ನಾನಿ ಅದನ್ನು ಹೊಲಿಯುವುದರಲ್ಲಿ ಗಟ್ಟಿಗರು. ಓದಲು ಬರೆಯಲು ಅವರಿಗೆ ಬರುವುದಿಲ್ಲ. ಕ್ರೈಮಿಯಾ ಯುದ್ಧದ ಗಾಯಾಳು ಸೈನಿಕರೂ ಆಸ್ಪತ್ರೆಯಲ್ಲಿ ಕೂತು ಸಮವಸ್ತ್ರದ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದರು. ಥಾಮಸ್ ವಾಕರ್ ಎಂಬ ಸೈನಿಕ ತಲೆಗೆ ಪಟ್ಟಿ ಕಟ್ಟಿಕೊಂಡು ಹಾಸಿಗೆಯ ಮೇಲೆ ಹೊಲಿಯುತ್ತಿರುವ ಚಿತ್ರ ಲಂಡನ್ನಿನಲ್ಲಿದೆ. ಅಮೆರಿಕದ ಎಲೆನ್ ಹಾರ್ಡಿಂಗ್ ಬೇಕರ್ ಎಂಬ ಮಹಿಳೆ 1876ರ ಕೌದಿಯೊಂದರಲ್ಲಿ ಸೂರ್ಯ, ಗ್ರಹಗಳು, ಧೂಮಕೇತು ಎಲ್ಲವನ್ನೂ ಹೊಲಿದು, ಅದನ್ನು ತೋರಿಸಿ ಖಗೋಳಶಾಸ್ತ್ರ ಹೇಳಿಕೊಡುತ್ತಿದ್ದರು. ಈಗ ಕೆಲವರು ವರ್ಷದ ಪ್ರತಿ ದಿನದ ಉಷ್ಣಾಂಶಕ್ಕೆ ಒಂದೊಂದು ಬಣ್ಣ ಕೊಟ್ಟು ಕೌದಿ ಮಾಡುತ್ತಾರೆ. ಇದನ್ನೆಲ್ಲ ಓದಿ, ನೈಟಿಂಗೇಲ್ ಅವರ ಲೆಕ್ಕವನ್ನು ನಾವೂ ಬಟ್ಟೆಯಲ್ಲಿ ಮಾಡೋಣ ಅನ್ನಿಸಿತು.

ಹೂವಿನ ಆಕಾರ ಕಷ್ಟ. ಆದ್ದರಿಂದ ಎರಡು ಜನವರಿ ತಿಂಗಳುಗಳನ್ನು ಚೌಕಗಳಲ್ಲಿ ತೋರಿಸಿದೆವು. ಒಂದು ಚದರ ಇಂಚಿಗೆ 10 ಸಾವು ಎಂದು ಅಳತೆ ಇಟ್ಟುಕೊಂಡೆ. 2,761 ಸಾವಿಗೆ ಸುಮಾರು 276 ಚದರ ಇಂಚು. ವರ್ಗಮೂಲ ತೆಗೆದರೆ ಚೌಕದ ಒಂದು ಬದಿ 16.6 ಇಂಚು. 83ಕ್ಕೆ 2.9 ಇಂಚಿನ ಕೆಂಪು ಚೌಕ, 324ಕ್ಕೆ 5.7 ಇಂಚಿನ ಕಪ್ಪು ಚೌಕ. ಮರುವರ್ಷದ ಜನವರಿಗೆ ನೀಲಿ 2 ಇಂಚು, ಕಪ್ಪು 2.2 ಇಂಚು, ಕೆಂಪು ಅರ್ಧ ಇಂಚಿಗೂ ಕಡಿಮೆ. ನೀಲಿಗೆ ತಮ್ಮನ ಹಳೆಯ ಯೂನಿಫಾರ್ಮ್, ಕೆಂಪಿಗೆ ಅಮ್ಮಿಯ ದುಪಟ್ಟಾ, ಕಪ್ಪಿಗೆ ಹಳೆಯ ಬುರ್ಖಾ. ಕೆಳಗೆ ಬಿಳಿ ಚಾದರ. ಮೊದಲ ನೀಲಿಗೆ ಒಂದು ಅಂಗಿ ಸಾಲದೆ ಎರಡನ್ನು ಕತ್ತರಿಸಿದೆವು. ಕೊನೆಯ ಕೆಂಪು ತುಂಡು ಅಂಗಿಯ ಗುಂಡಿಯಷ್ಟಿತ್ತು. ಅದು ಸೂಜಿಯಲ್ಲಿ ನಿಲ್ಲದೆ ಎರಡು ಸಲ ಕಳೆದುಹೋಯಿತು.

ಹೊಲಿದು ಮುಗಿದ ಮೇಲೆ ನಾನಿ ಆ ದೊಡ್ಡ ನೀಲಿಯ ಮೇಲೆ ಕೈಯಾಡಿಸಿ, ಇದು ಏನು ಎಂದು ಕೇಳಿದರು. ಹೊಲಿಯುವಾಗ ಸೈನಿಕರ ಕಥೆ ಎಂದಷ್ಟೇ ಹೇಳಿದ್ದೆ. ಈಗ ಬಣ್ಣಗಳ ಅರ್ಥ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ತಮ್ಮನ ವಿಷಯ ಹೇಳಿದರು. ನಾನಿ ಚಿಕ್ಕವರಿದ್ದಾಗ ಒಂದು ಬೇಸಿಗೆಯಲ್ಲಿ ಕೆರೆಯಲ್ಲಿ ಉಳಿದ ಕೆಸರು ನೀರನ್ನೇ ಸೋಸಿ ಕುಡಿಯುತ್ತಿದ್ದರಂತೆ. ನಾಲ್ಕು ವರ್ಷದ ತಮ್ಮ ವಾಂತಿಭೇದಿಯಾಗಿ ಎರಡೇ ದಿನದಲ್ಲಿ ಹೋಗಿಬಿಟ್ಟನಂತೆ. ಅವನ ಹಣೆಯಲ್ಲಿ ಅಷ್ಟೇ ಬರೆದಿತ್ತು ಎಂದು ಎಲ್ಲರೂ ಹೇಳಿದರಂತೆ. ಅವನು ಈ ಮೂರರಲ್ಲಿ ಯಾವ ಬಣ್ಣಕ್ಕೆ ಸೇರುತ್ತಾನೆ ಎಂದು ನಾನಿ ನನ್ನನ್ನು ಕೇಳಿದರು.

ನೀಲಿ ಎಂದು ಹೇಳಲು ನನಗೆ ಗಂಟಲು ಕಟ್ಟಿತು. ಆದರೂ ಹೇಳಿದೆ.

ಆ ಮಗುವಿನ ಹೆಸರು ಯಾವ ಪಟ್ಟಿಯಲ್ಲಾದರೂ ಇದೆಯೋ ಇಲ್ಲವೋ. ನಮ್ಮ ಮನೆಯಲ್ಲಿ ನಾನಿಗೆ ಮಾತ್ರ ನೆನಪಿತ್ತು. ಈಗ ನನಗೂ ಗೊತ್ತು. ಆ ರಾತ್ರಿ ನಾನಿ ದೊಡ್ಡ ನೀಲಿ ಚೌಕದ ಒಂದು ಮೂಲೆಯಲ್ಲಿ ಬಿಳಿ ದಾರದಿಂದ ಒಂದು ಸಣ್ಣ ಹೊಲಿಗೆ ಹಾಕಿದರು. ಲೆಕ್ಕದ ಪ್ರಕಾರ ಅದು ಅಲ್ಲಿರಬಾರದು, ಏಕೆಂದರೆ ಅದು ಕ್ರೈಮಿಯಾದ ಅಂಕಿಗಳ ಚೌಕ. ನಾನು ಅದನ್ನು ಬಿಚ್ಚಲಿಲ್ಲ. ಪ್ರಾಜೆಕ್ಟ್ ಪುಸ್ತಕದಲ್ಲಿ ಅದು ಅಂಕಿಗೆ ಸೇರಿದ್ದಲ್ಲ ಎಂದು ಒಂದು ಟಿಪ್ಪಣಿ ಬರೆದೆ.

ಸ್ನೇಹಿತರೇ, ನಮ್ಮಲ್ಲಿ ಅನೇಕರು ಮುಂದೆ ಬ್ಯಾಂಕಿನಲ್ಲೋ ಮಂಡಿಯಲ್ಲೋ ಕಚೇರಿಯಲ್ಲೋ ಲೆಕ್ಕ ಬರೆಯುತ್ತೇವೆ. ಅಂಕಿ ಬರೆಯುವಾಗ ಬೇಸರವಾಗುವುದು ಸಹಜ. ಆದರೆ ಸರಿಯಾಗಿ ಬರೆದ ಲೆಕ್ಕದಿಂದ ಯಾರ ತಪ್ಪು ಎಲ್ಲಿದೆ ಎಂದು ತಿಳಿಯುತ್ತದೆ. ತಿಳಿದರೆ ತಿದ್ದಬಹುದು. ನೈಟಿಂಗೇಲ್ ಅವರು ತಮ್ಮದೇ ಆಸ್ಪತ್ರೆಯ ಲೆಕ್ಕದಿಂದ ಇದನ್ನು ಕಲಿತರು. ಓದು ಬಾರದ ನನ್ನ ನಾನಿಗೂ ಅದನ್ನು ತಿಳಿಸಲು ಮೂರು ಬಣ್ಣದ ಬಟ್ಟೆ ಸಾಕಾಯಿತು. ಆ ಬಟ್ಟೆ ಈಗ ನಮ್ಮ ತರಗತಿಯ ಗೋಡೆಯ ಮೇಲಿದೆ. ಬಿಡುವಿದ್ದಾಗ ಬಂದು ನೋಡಿ. ಬಿಳಿ ದಾರದ ಹೊಲಿಗೆ ಕೆಳಗಿನ ಎಡ ಮೂಲೆಯಲ್ಲಿದೆ.